ಸ್ಪ್ರಿಂಗ್ ಮುಟ್ಟಬೇಡಿ, ಮೊದಲು ಬಿಲ್ ಹುಡುಕಿ

ಜಗಳೂರು ತಾಲ್ಲೂಕಿನ ರೈತ ಬಂಧುವಿಗೆ ನಮಸ್ಕಾರ.

ನಿಮ್ಮ ಪತ್ರ ಎರಡು ಸಲ ಓದಿದೆ. ಮೆಕ್ಕೆಜೋಳಕ್ಕೆ ನವಿಲು ಬೀಳುತ್ತವೆ ಅಂತ ದಾವಣಗೆರೆಯಿಂದ ಏರ್‌ಗನ್ ತಂದಿದ್ದೀರಿ. ಪಿಯುಸಿ ಓದುವ ಮಗ ಅದರಲ್ಲೇ ಗುರಿ ಹೊಡೆಯುವುದು ಕಲಿಯುತ್ತಿದ್ದಾನೆ. ಪರಿಚಯದ ಮೆಕ್ಯಾನಿಕ್ ಒಬ್ಬರು "ಗಟ್ಟಿ ಸ್ಪ್ರಿಂಗ್ ಹಾಕ್ಕೊಡ್ತೀನಿ, ಇನ್ನೂ ದೂರ ಹೋಗುತ್ತೆ" ಅಂದಿದ್ದಾರೆ. ಹಾಕಿಸಬಹುದಾ, ಲೈಸೆನ್ಸ್ ಬೇಕಾ, ಬಸ್ಸಿನಲ್ಲಿ ಚಿತ್ರದುರ್ಗದ ಮಾವನ ಮನೆಗೆ ಒಯ್ಯಬಹುದಾ ಎಂದು ಕೇಳಿದ್ದೀರಿ.

ಲೈಸೆನ್ಸ್ ಮಾತು ಮೊದಲು. 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ ಎರಡು ಗೆರೆ ಇವೆ. ನಳಿಗೆಯ ಅಳತೆ 4.5 ಮಿ.ಮೀ. (ಅಂಗಡಿಯವರು ಪಾಯಿಂಟ್ 177 ಅನ್ನುತ್ತಾರೆ), ಗುಂಡು ಹೊರಡುವಾಗಿನ ಶಕ್ತಿ 20 ಜೌಲ್ (ಜೌಲ್ ಅಂದರೆ ಶಕ್ತಿಯ ಅಳತೆ). ಎರಡೂ ಇದರೊಳಗಿದ್ದರೆ ಲೈಸೆನ್ಸ್ ಬೇಡ. ಯಾವುದಾದರೂ ಒಂದು ದಾಟಿದರೂ ಅದು ಲೈಸೆನ್ಸ್ ಬೇಕಾದ ಬಂದೂಕು. ಬಾಕ್ಸ್ ಮೇಲೆ ಎರಡೂ ಅಂಕಿ ಇವೆಯಾ ನೋಡಿ. ಬಿಲ್ ನಿಮ್ಮ ಹೆಸರಲ್ಲಿರಲಿ, ಮಗನ ಹೆಸರಲ್ಲಿ ಬೇಡ.

ಇನ್ನು ಸ್ಪ್ರಿಂಗ್. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಒಂದು ಗುಂಡನ್ನು ಅಂಗೈ ಮೇಲೆ ಇಟ್ಟುಕೊಳ್ಳಿ. ಸೀಸದ್ದು, ನಡು ಸಣ್ಣಗೆ ಡಮರುಗದ ಹಾಗೆ. ತೂಕ ಅರ್ಧ ಗ್ರಾಂ ಆಸುಪಾಸು. ಅದು ಸೆಕೆಂಡಿಗೆ 200 ಮೀಟರ್ ವೇಗದಲ್ಲಿ ಹೊರಟರೆ ಶಕ್ತಿ 10 ಜೌಲ್. ವೇಗ 285ಕ್ಕೆ ಏರಿತೋ, 20 ದಾಟಿತು. ವೇಗ ಎರಡು ಪಟ್ಟಾದರೆ ಶಕ್ತಿ ನಾಲ್ಕು ಪಟ್ಟು ಆಗುತ್ತದೆ, ಲೆಕ್ಕವೇ ಹಾಗೆ. ಮೆಕ್ಯಾನಿಕ್ ಹತ್ತಿರ ವೇಗ ಅಳೆಯುವ ಯಂತ್ರ ಇರುವುದಿಲ್ಲ. ಸುಮ್ನೆ ಕೈ ಅಂದಾಜಿನಲ್ಲಿ ಸ್ಪ್ರಿಂಗ್ ಬಿಗಿ ಮಾಡಿಕೊಡುತ್ತಾರೆ. ಗೆರೆ ದಾಟಿದ್ದು ನಿಮಗೂ ಗೊತ್ತಾಗಲ್ಲ, ಅವರಿಗೂ ಗೊತ್ತಾಗಲ್ಲ. ಹೀಗೆ ಲೈಸೆನ್ಸ್ ಇಲ್ಲದೆ ಬಂದೂಕನ್ನು ಒಂದು ವರ್ಗದಿಂದ ಇನ್ನೊಂದಕ್ಕೆ ಮಾರ್ಪಡಿಸುವುದನ್ನೂ ಶಸ್ತ್ರಾಸ್ತ್ರ ಕಾಯ್ದೆಯ 6ನೇ ಸೆಕ್ಷನ್‌ನ ನಿಷೇಧಕ್ಕೆ 2019ರಲ್ಲಿ ಸೇರಿಸಿದ್ದಾರೆ. ಅದಕ್ಕೆ ಕನಿಷ್ಠ ಶಿಕ್ಷೆಯೇ 7 ವರ್ಷ ಜೈಲು. ಇನ್ನೂರು ಹೆಜ್ಜೆ ದೂರ ಹೋಗಲಿ ಅಂತ ಇಷ್ಟು ದೊಡ್ಡ ಹೊರೆ ಯಾಕೆ?

ನನ್ನ ಬಾಲ್ಯದ ಗೆಳೆಯನೊಬ್ಬನ ಬಲಗಣ್ಣು ಹೋದದ್ದು ಏರ್‌ಗನ್‌ನಿಂದಲೇ. ಬಂಡೆಗೆ ಹೊಡೆದ ಗುಂಡು ವಾಪಸ್ ಬಂದಿತ್ತು. ಹೊಡೆದವನೂ ಅವನೇ. ಕಲ್ಲಿಗೆ, ತಗಡಿಗೆ ಗುರಿ ಇಡಬೇಡ ಎಂದು ಮಗನಿಗೆ ಇವತ್ತೇ ಹೇಳಿ. ದಪ್ಪ ರಟ್ಟಿನ ಹಿಂದೆ ಮಣ್ಣಿನ ಚೀಲ ಇಟ್ಟುಕೊಳ್ಳಲಿ.

ನವಿಲಿನ ವಿಷಯ ಖಡಕ್ಕಾಗಿ ಹೇಳುತ್ತೇನೆ, ಬೇಜಾರಾಗಬೇಡಿ. ನವಿಲಿಗೆ ಗುಂಡು ಹೊಡೆಯುವ ಹಾಗೇ ಇಲ್ಲ. 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿರುವ ಹಕ್ಕಿ ಅದು, ಕೊಂದರೆ 3ರಿಂದ 7 ವರ್ಷ. ಗಿಳಿಯೂ ಅದೇ ಕಾಯ್ದೆಯ ರಕ್ಷಣೆಯಲ್ಲಿದೆ. ಜೊತೆಗೆ ನಿಮ್ಮ ತಾಲ್ಲೂಕಿನಲ್ಲೇ ರಂಗಯ್ಯನದುರ್ಗದ ಕೊಂಡುಕುರಿ ಅಭಯಾರಣ್ಯ ಇದೆ ಅಲ್ವಾ? ಅನುಮತಿ ಇಲ್ಲದೆ ಆಯುಧ ಹಿಡಿದು ಅದರೊಳಗೆ ಕಾಲಿಟ್ಟರೇ ತಪ್ಪು, ಹೊಡೆಯಬೇಕಾಗಿಲ್ಲ. ಏರ್‌ಗನ್ನೂ ಅಲ್ಲಿ ಆಯುಧವೇ. ಹೊಲದ ದಾರಿ ಅಲ್ಲಿ ಹಾದಿದ್ದರೆ ಏರ್‌ಗನ್ ಮನೆಯಲ್ಲೇ ಇರಲಿ. ನಿಮ್ಮ ಬೆಳೆಯ ನಷ್ಟ ನನಗೆ ಅರ್ಥವಾಗುತ್ತದೆ. ಹಾನಿಯಾದಾಗ ಫೋಟೊ ತೆಗೆದು ಅರಣ್ಯ ಇಲಾಖೆಗೆ ಅರ್ಜಿ ಕೊಡಿ, ಸ್ವೀಕೃತಿ ಪಡೆದುಕೊಳ್ಳಿ.

ಪ್ರಯಾಣಕ್ಕೆ ಗುಂಡು ತುಂಬದೆ, ಚೀಲದಲ್ಲಿ ಮುಚ್ಚಿಟ್ಟು, ಗುಂಡಿನ ಡಬ್ಬಿ ಬೇರೆ ಕಡೆ ಇಟ್ಟು ಒಯ್ಯಿರಿ. ಬಿಲ್ ಮತ್ತು ಆಧಾರ್ ಜೇಬಲ್ಲಿರಲಿ. ಕಂಡಕ್ಟರ್‌ಗೆ ಮೊದಲೇ ಹೇಳಿ, ಬೇಡ ಅಂದರೆ ವಾದ ಬೇಡ. ಚುನಾವಣೆ ಹೊತ್ತಿನಲ್ಲಿ, ನಿಷೇಧಾಜ್ಞೆ ಇದ್ದಾಗ ಮನೆಯಿಂದ ಆಚೆ ತರಲೇಬೇಡಿ. ವಿಮಾನದ ಕ್ಯಾಬಿನ್‌ಗೆ ಆಟಿಕೆ ಬಂದೂಕೂ ಒಯ್ಯುವಂತಿಲ್ಲ.

ಮಗ ಆನ್‌ಲೈನ್‌ನಲ್ಲಿ ಕಂಡ ಏರ್‌ಸಾಫ್ಟ್ ಕೇಳಿದ್ದಾನೆ ಎಂದಿದ್ದೀರಿ. ಅದು 6 ಮಿ.ಮೀ. ಪ್ಲಾಸ್ಟಿಕ್ ಗುಂಡಿನದು, ಅಂದರೆ 4.5ರ ಗೆರೆಯಿಂದ ಆಚೆಯದು. "ಆಟಿಕೆ ಸಾರ್, ಏನೂ ಬೇಡ" ಎಂಬ ಮಾತು ನಂಬಿ ತರಿಸಬೇಡಿ. ನೋಡಲು ಥೇಟ್ ನಿಜವಾದ ಬಂದೂಕು. ರಾತ್ರಿ ಬಸ್‌ಸ್ಟ್ಯಾಂಡಿನಲ್ಲಿ ಹುಡುಗನ ಕೈಯಲ್ಲಿ ಅದನ್ನು ಕಂಡ ಪೊಲೀಸರಿಗೆ ಯೋಚಿಸಲು ಪುರುಸೊತ್ತಿರುವುದಿಲ್ಲ. ಬೇಕೇ ಬೇಕೆಂದರೆ ಜಿಲ್ಲಾಧಿಕಾರಿ ಕಚೇರಿಯ ಲೈಸೆನ್ಸ್ ವಿಭಾಗದಲ್ಲಿ ಬರಹದಲ್ಲಿ ಕೇಳಿ ಉತ್ತರ ಪಡೆಯಿರಿ.

ಹುಡುಗನಿಗೆ ನಿಜವಾಗಿ ಆಸಕ್ತಿ ಇದ್ದರೆ ನನಗೆ ಬಹಳ ಖುಷಿ. 2008ರಲ್ಲಿ ಅಭಿನವ್ ಬಿಂದ್ರಾ ಬೀಜಿಂಗ್‌ನಲ್ಲಿ ಚಿನ್ನ ಗೆದ್ದದ್ದು ಇದೇ 4.5 ಮಿ.ಮೀ. ಗುಂಡಿನಲ್ಲಿ, ಬರೀ 10 ಮೀಟರ್ ದೂರಕ್ಕೆ. ನಿಮ್ಮ ಕಣದಲ್ಲೇ ಹತ್ತು ಮೀಟರ್ ಅಳೆದು ಗೆರೆ ಹಾಕಿಕೊಡಿ. ಮೆಕ್ಯಾನಿಕ್ ಆಗಲೇ ಸ್ಪ್ರಿಂಗ್ ಬಿಚ್ಚಿದ್ದರೆ, ಹಳೆಯದನ್ನೇ ವಾಪಸ್ ಹಾಕಿಸಿಕೊಂಡು ಬನ್ನಿ.

– ಸಂಪಾದಕ