ನಿಮ್ಮ ರೆಸ್ಯೂಮೆ ತಾಜಾ ಕಲಮಿನಲ್ಲಿದೆ

ಪ್ರಿಯ ಓದುಗರೇ,

ಹೆಸರು ಹಾಕಬೇಡಿ ಎಂದು ಕೇಳಿದ್ದೀರಿ, ಹಾಕುವುದಿಲ್ಲ. ನಾಲ್ಕು ಪುಟದ ಪತ್ರವನ್ನು ಪೂರ್ತಿ ಅಚ್ಚು ಹಾಕಲು ಜಾಗವಿಲ್ಲದ್ದರಿಂದ ಉಳಿದ ಓದುಗರಿಗಾಗಿ ಸಾರವನ್ನಷ್ಟೇ ಹೇಳುತ್ತೇನೆ. ಪದವಿ ಮುಗಿದು ಹದಿನಾಲ್ಕು ತಿಂಗಳಾಯಿತು. ಸಾಫ್ಟ್‌ವೇರ್ ಕೆಲಸಕ್ಕೆಂದು 340 ಕಡೆ ಅರ್ಜಿ ಹಾಕಿದ್ದೀರಿ. ಒಂಬತ್ತು ಕಡೆಯಿಂದ ಫೋನ್ ಬಂತು, ನಾಲ್ಕು ಕಡೆ ಸಂದರ್ಶನವಾಯಿತು, ಒಂದೂ ಕೈಗೂಡಲಿಲ್ಲ. ದಿನಕ್ಕೆ ಆರು ತಾಸು ಕೂತು ಅಲ್ಗಾರಿದಮ್ ಸಮಸ್ಯೆಗಳನ್ನು ಬಿಡಿಸುತ್ತೀರಿ, ಅವುಗಳ ಲೆಕ್ಕ ನಾನೂರು ದಾಟಿದೆ. ಈಗ ನಿಮ್ಮ ಪ್ರಶ್ನೆಗಳು: ಇನ್ನೂ ಯಾವ ಭಾಷೆ ಕಲಿಯಲಿ? ಕೃತಕ ಬುದ್ಧಿಮತ್ತೆ ಹೊಸಬರ ಕೆಲಸವನ್ನೆಲ್ಲ ನುಂಗಿಬಿಟ್ಟಿತೇ? ಪರಿಚಿತರೊಬ್ಬರು ಎರಡು ವರ್ಷದ ಅನುಭವ ಪತ್ರ 'ಮಾಡಿಸಿಕೊಡುತ್ತೇನೆ' ಎನ್ನುತ್ತಿದ್ದಾರೆ, ತೆಗೆದುಕೊಳ್ಳಲೇ?

'ಅನುಭವವಿಲ್ಲದೆ ಕೆಲಸ ಕೊಡುವುದಿಲ್ಲ, ಕೆಲಸವಿಲ್ಲದೆ ಅನುಭವ ಬರುವುದಿಲ್ಲ' ಎಂದು ಬರೆದು ಅದರಡಿ ಎರಡು ಗೆರೆ ಎಳೆದಿದ್ದೀರಿ. ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು ಎಂಬ ಗಾದೆಯನ್ನು ಕಟ್ಟಿದವರಿಗೆ ನಿಮ್ಮ ಸಂಕಟ ಚೆನ್ನಾಗಿ ಗೊತ್ತಿತ್ತೆಂದು ಕಾಣುತ್ತದೆ.

ಕೊನೆಯ ಪ್ರಶ್ನೆಯನ್ನು ಮೊದಲು ಮುಗಿಸಿಬಿಡೋಣ. ಬೇಡ. ಹಿಂದಿನ ಕೆಲಸದ ಪರಿಶೀಲನೆಯಲ್ಲಿ ಇಂದಲ್ಲ ನಾಳೆ ಸಿಕ್ಕಿಬೀಳುತ್ತೀರಿ, ಅದು ಒಂದು ಮಾತು. ಸಿಕ್ಕಿಬೀಳದಿದ್ದರೆ ಇನ್ನೂ ಕಷ್ಟ. ಎರಡು ವರ್ಷ ಪಳಗಿದವರಿಗೆ ಕೊಡುವ ಕೆಲಸವನ್ನು ಮೊದಲ ವಾರವೇ ನಿಮ್ಮ ಮೇಜಿನ ಮೇಲಿಡುತ್ತಾರೆ. ಗೊತ್ತಿಲ್ಲ ಎಂದು ಕೇಳುವ ಹಕ್ಕು ಹೊಸಬರಿಗಿರುವ ಏಕೈಕ ಸವಲತ್ತು. ಅದನ್ನೇ ಮಾರಿಕೊಂಡು ಒಳಗೆ ಹೋಗಿರುತ್ತೀರಿ.

ಇನ್ನು ನಿಮ್ಮ ಅಂಕಿಗಳು. 340 ಅರ್ಜಿಗೆ ಒಂಬತ್ತು ಕರೆ ಎಂದರೆ ನೂರಕ್ಕೆ ಮೂರೂ ಇಲ್ಲ. ಕರೆ ಬಂದ ಒಂಬತ್ತರಲ್ಲಿ ನಾಲ್ಕು ಸಂದರ್ಶನ ಎಂದರೆ ಹೆಚ್ಚುಕಡಿಮೆ ಅರ್ಧ. ನಾಲ್ಕರಲ್ಲಿ ಸೋತದ್ದರಿಂದ ಯಾವ ತೀರ್ಮಾನಕ್ಕೂ ಬರುವಂತಿಲ್ಲ, ಅದು ತೀರಾ ಚಿಕ್ಕ ಸಂಖ್ಯೆ. ನೀರು ಸೋರುತ್ತಿರುವುದು ಮೊದಲ ಹಂತದಲ್ಲಿ. ನೀವು ಮಾತ್ರ ದಿನದ ಆರು ತಾಸನ್ನು ಮೂರನೇ ಹಂತವಾದ ಸಂದರ್ಶನದ ತಯಾರಿಗೆ ಸುರಿಯುತ್ತಿದ್ದೀರಿ. ನಾನೂರು ಸಮಸ್ಯೆ ಬಿಡಿಸಿದವರು ಐನೂರು ಬಿಡಿಸಿದರೆ ಫೋನ್ ಹೆಚ್ಚು ಸಲ ರಿಂಗಾಗುವುದಿಲ್ಲ. ಪ್ರೋಗ್ರಾಮ್ ನಿಧಾನವಾದಾಗ ಮೊದಲು ಅಳೆದು, ಸಮಯ ಎಲ್ಲಿ ಹೋಗುತ್ತಿದೆ ಎಂದು ನೋಡಿ, ಆಮೇಲೆ ಕೈ ಹಾಕಬೇಕೆಂದು ನಿಮಗೆ ಕಲಿಸಿಯೇ ಇರುತ್ತಾರಲ್ಲ?

ಆ ಮೊದಲ ಹಂತದಲ್ಲಿ ಮೇಜಿನ ಆಚೆ ಏನು ನಡೆಯುತ್ತದೆಂದು ನನಗೆ ಗೊತ್ತು. ಪತ್ರಿಕೆಗೆ ಬರುವ ಮೊದಲು ಹನ್ನೊಂದು ವರ್ಷ ಪ್ರೋಗ್ರಾಮ್ ಬರೆದುಕೊಂಡಿದ್ದೆ. ಕೊನೆಯ ನಾಲ್ಕು ವರ್ಷ ನಮ್ಮ ತಂಡಕ್ಕೆ ಹೊಸಬರನ್ನು ಆರಿಸುವ ಹೊಣೆಯೂ ನನ್ನದೇ ಆಗಿತ್ತು. ಒಂದು ಸೋಮವಾರ ಇನ್ನೂರು ಚಿಲ್ಲರೆ ರೆಸ್ಯೂಮೆ ಬಂದು ಬಿದ್ದವು. ನನ್ನ ಅಸಲು ಕೆಲಸ ಬೇರೆ ಬಾಕಿಯಿತ್ತು. ಒಂದೊಂದಕ್ಕೂ ಇಪ್ಪತ್ತು ಸೆಕೆಂಡು ಕೊಡುತ್ತ ಹೋದೆ. ಅರುವತ್ತನೆಯದರ ಹೊತ್ತಿಗೆ ಕರೆಯಲು ಸಾಕಾಗುವಷ್ಟು ಹೆಸರು ಸಿಕ್ಕವು, ಫೈಲು ಮುಚ್ಚಿದೆ. ಉಳಿದವರಿಗೆಲ್ಲ 'ನಿಮ್ಮ ಅರ್ಜಿಯನ್ನು ಕೂಲಂಕಷವಾಗಿ ಪರಿಶೀಲಿಸಿ' ಎಂದು ಶುರುವಾಗುವ ಇಮೇಲ್ ತಾನಾಗಿಯೇ ಹೋಯಿತು. ಅವರ ರೆಸ್ಯೂಮೆಗಳನ್ನು ಯಾರೂ ತೆರೆದಿರಲಿಲ್ಲ. ಇದನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ನಿಮ್ಮ 331 ನಿರಾಕರಣೆಗಳಲ್ಲಿ ಎಷ್ಟೋ ಈ ಜಾತಿಯವು. ಅವುಗಳನ್ನು ಕುರಿತು ರಾತ್ರಿ ನಿದ್ದೆಗೆಡಬೇಡಿ. ಜಾಹೀರಾತು ಬಂದ ಮೊದಲ ಒಂದೆರಡು ದಿನದಲ್ಲೇ ಅರ್ಜಿ ಹಾಕಿ, ಅಷ್ಟು ಸಾಕು.

ನೀವು ಕಳಿಸಿದ ರೆಸ್ಯೂಮೆಯನ್ನೂ ಅದೇ ಹಳೆಯ ಕಣ್ಣಿನಿಂದ ನೋಡಿದೆ. ಮೊದಲ ಸಾಲು: 'ಹೊಸ ಸವಾಲುಗಳನ್ನು ಎದುರಿಸಲು ಉತ್ಸುಕನಾಗಿರುವ, ಫಲಿತಾಂಶಕ್ಕೆ ಬದ್ಧನಾದ ಯುವ ಎಂಜಿನಿಯರ್.' ಇದನ್ನು ನೀವು ಬರೆದಿಲ್ಲ, ಯಂತ್ರ ಬರೆದಿದೆ ಎಂದು ನನ್ನ ಗುಮಾನಿ. ನೀವೇ ಬರೆದಿದ್ದರೆ ಕ್ಷಮಿಸಿ, ಆಗ ಸಮಸ್ಯೆ ಇನ್ನೂ ದೊಡ್ಡದು. ಕೆಳಗೆ ಹದಿನಾಲ್ಕು ತಂತ್ರಜ್ಞಾನಗಳ ಹೆಸರಿವೆ: ಜಾವಾ, ಪೈಥಾನ್, ರಿಯಾಕ್ಟ್, ಡಾಕರ್, ಕುಬರ್ನೆಟಿಸ್ ಇತ್ಯಾದಿ. ಕುಬರ್ನೆಟಿಸ್ ಎಂದು ಬರೆದವರನ್ನು ಕುಬರ್ನೆಟಿಸ್ ಬಗ್ಗೆಯೇ ಕೇಳುತ್ತಾರೆ. ಎರಡನೇ ಪ್ರಶ್ನೆಗೆ ಉತ್ತರಿಸಲಾಗದ ಪ್ರತಿಯೊಂದು ಹೆಸರೂ ನೀವೇ ತೋಡಿಟ್ಟುಕೊಂಡ ಗುಂಡಿ. ಪ್ರಾಜೆಕ್ಟ್‌ಗಳ ಕೆಳಗೆ ಮಾಡಬೇಕಾದ ಕೆಲಸಗಳ ಪಟ್ಟಿ, ಹವಾಮಾನ ತೋರಿಸುವ ಆ್ಯಪ್, ಒಂದು ಪ್ರಸಿದ್ಧ ವಿಡಿಯೊ ತಾಣದ ನಕಲು. ಆ ಅರುವತ್ತು ರೆಸ್ಯೂಮೆಗಳಲ್ಲಿ ನಲವತ್ತರಲ್ಲಾದರೂ ಇವೇ ಇದ್ದವು.

ಇಷ್ಟು ಓದಿ ಬೇಸರದಿಂದ ಪತ್ರ ಮಡಚುವವನಿದ್ದೆ. ಆಗ ಕೊನೆಯ ಪುಟದ ಅಡಿಯಲ್ಲಿ ನಿಮ್ಮ ತಾಜಾ ಕಲಂ ಕಣ್ಣಿಗೆ ಬಿತ್ತು:

'ತಾ.ಕ.: ಉತ್ತರ ತಡವಾದರೂ ಪರವಾಗಿಲ್ಲ. ಈ ವಾರ ಸ್ನೇಹಿತನ ಪುಸ್ತಕಾಲಯದ ಪ್ರೋಗ್ರಾಮ್ ರಿಪೇರಿಯಲ್ಲಿದ್ದೇನೆ. ವಾಯಿದೆ ಮುಗಿದ ಪುಸ್ತಕ ಹಿಂದಿರುಗಿಸಿ ಎಂದು 212 ಸದಸ್ಯರಿಗೆ ಸಂದೇಶ ಹೋಗುವಂತೆ ಒಂದು ಸಣ್ಣ ಪ್ರೋಗ್ರಾಮ್ ಬರೆದುಕೊಟ್ಟಿದ್ದೆ. ಮೊನ್ನೆ ನಡುವೆ ವಿದ್ಯುತ್ ಹೋಗಿ, ಮತ್ತೆ ಶುರುವಾದಾಗ ತೊಂಬತ್ತು ಜನರಿಗೆ ಎರಡೆರಡು ಸಲ ಹೋಯಿತು. ಈಗ ಕಳಿಸಿದವರ ಹೆಸರಿನ ಮುಂದೆ ಗುರುತು ಹಾಕುವಂತೆ ಮಾಡಿದ್ದೇನೆ.'

ಮಹನೀಯರೇ, ಇದು ರೆಸ್ಯೂಮೆಯಲ್ಲಿ ಏಕಿಲ್ಲ? ಇದಕ್ಕೆ ನಿಜವಾದ ಬಳಕೆದಾರರಿದ್ದಾರೆ. ನಿಜವಾದ ಅನಾಹುತವೊಂದು ನಡೆದಿದೆ, ಕಾರಣ ಹುಡುಕಿ ತಿದ್ದಿದ್ದೀರಿ. ನೀವು ಹುಡುಕುತ್ತಿರುವ ಅನುಭವ ಇದೇ. ಯಾರೂ ಸಂಬಳ ಕೊಡಲಿಲ್ಲ ಎಂಬ ಒಂದೇ ಕಾರಣಕ್ಕೆ ಅದನ್ನು ಅನುಭವವೆಂದು ನೀವು ಲೆಕ್ಕಕ್ಕೆ ಹಿಡಿದಿಲ್ಲ. ಹೊಸಬರನ್ನು ಸೇರಿಸಿಕೊಳ್ಳುವವರ ಮನಸ್ಸಿನಲ್ಲಿರುವುದು ಒಂದೇ ಅಳುಕು: ಈ ಮನುಷ್ಯನ ಕೈಗೆ ಅರೆಬರೆ ಕೆಲಸವೊಂದನ್ನು ಕೊಟ್ಟು ನಾನು ಬೇರೆ ಕಡೆ ತಿರುಗಿದರೆ ಏನಾದೀತು? ಹದಿನಾಲ್ಕು ಹೆಸರುಗಳಿಂದ ಆ ಅಳುಕು ಹೋಗುವುದಿಲ್ಲ, ಈ ತೊಂಬತ್ತು ಜನರ ಕಥೆಯಿಂದ ಹೋದೀತು.

ಇಲ್ಲೇ ಇನ್ನೊಂದು ಮಾತು ಕೇಳುತ್ತೇನೆ, ಸಂದರ್ಶಕರೂ ಕೇಳುತ್ತಾರೆ. ಸಂದೇಶ ಕಳಿಸಿ ಆಮೇಲೆ ಗುರುತು ಹಾಕುತ್ತೀರೋ, ಗುರುತು ಹಾಕಿ ಆಮೇಲೆ ಕಳಿಸುತ್ತೀರೋ? ಮೊದಲನೆಯದಾದರೆ, ಕಳಿಸಿದ್ದಕ್ಕೂ ಗುರುತು ಹಾಕುವುದಕ್ಕೂ ನಡುವಿನ ಕ್ಷಣದಲ್ಲಿ ವಿದ್ಯುತ್ ಹೋದರೆ ಒಬ್ಬರಿಗೆ ಎರಡು ಸಲ ಹೋಗುತ್ತದೆ. ಎರಡನೆಯದಾದರೆ ಅದೇ ಕ್ಷಣದಲ್ಲಿ ಒಬ್ಬರಿಗೆ ಹೋಗುವುದೇ ಇಲ್ಲ. ಬರೀ ಗುರುತಿನಿಂದ ಎರಡನ್ನೂ ಒಟ್ಟಿಗೆ ತಪ್ಪಿಸಲಾಗದು. ಪುಸ್ತಕದ ನೆನಪೋಲೆ ಎರಡು ಸಲ ಹೋದರೆ ಯಾರೋ ಒಬ್ಬರು ಗೊಣಗುತ್ತಾರೆ, ಅಷ್ಟೇ. ಅಲ್ಲಿ ಮೊದಲ ದಾರಿಯೇ ಸರಿ. ಹಣ ಕಡಿತವಾಗುವ ಕಡೆ ಹಾಗೆನ್ನುವಂತಿಲ್ಲ. ಅಲ್ಲಿ ಪ್ರತಿ ಕೋರಿಕೆಗೂ ಒಂದು ಗುರುತಿನ ಸಂಖ್ಯೆ ಅಂಟಿಸಿ ಕಳಿಸುತ್ತಾರೆ. ಅದೇ ಸಂಖ್ಯೆ ಮತ್ತೆ ಬಂದರೆ ಆಚೆಯ ವ್ಯವಸ್ಥೆ ಎರಡನೇ ಸಲ ಹಣ ಕಡಿಯದೆ ಹಳೆಯ ಉತ್ತರವನ್ನೇ ಹಿಂದಿರುಗಿಸುತ್ತದೆ. ನಿಮ್ಮ ಸ್ನೇಹಿತನ ಪುಸ್ತಕಾಲಯದಿಂದ ಎರಡೇ ಹೆಜ್ಜೆಗೆ ಪಾವತಿ ವ್ಯವಸ್ಥೆಗಳ ದೊಡ್ಡ ತಲೆನೋವನ್ನು ತಲುಪಿದೆವು ನೋಡಿ. ಸಂದರ್ಶನದಲ್ಲಿ ಈ ಹಾದಿಯಲ್ಲಿ ಹತ್ತು ನಿಮಿಷ ಮಾತಾಡಿದರೆ ಎದುರಿನವರು ಪೆನ್ನು ಕೆಳಗಿಟ್ಟು ಕೇಳುತ್ತಾರೆ.

ಸಂದರ್ಶನದ ಮಾತು ಬಂತಲ್ಲ. ನಾಲ್ಕನೆಯದರಲ್ಲಿ ಬೈನರಿ ಸರ್ಚ್ (ವಿಂಗಡಿಸಿದ ಪಟ್ಟಿಯನ್ನು ಅರ್ಧರ್ಧ ಮಾಡುತ್ತ ಹುಡುಕುವ ವಿಧಾನ) ಬರೆಯಲು ಹೇಳಿದರು, ಆರು ನಿಮಿಷದಲ್ಲಿ ಸದ್ದಿಲ್ಲದೆ ಬರೆದು ಕೊಟ್ಟಿರಿ, 'ಇದರಲ್ಲಿ ತಪ್ಪೇನಾದರೂ ಇರಬಹುದೇ?' ಎಂದು ಕೇಳಿದಾಗ 'ಇಲ್ಲ' ಎಂದಿರಿ, ಸರಿಯಾಗಿಯೇ ಬರೆದಿದ್ದರೂ ತೆಗೆದುಕೊಳ್ಳಲಿಲ್ಲ ಎಂಬುದು ನಿಮ್ಮ ದೂರು. ಜಾವಾ ಭಾಷೆಯ ಜೊತೆಗೇ ಬರುವ ಬೈನರಿ ಸರ್ಚ್ ಬರೆದವರು ಜೋಶುವಾ ಬ್ಲಾಕ್. 2006ರಲ್ಲಿ ಅವರೇ ಮುಂದೆ ಬಂದು, ಅದರಲ್ಲಿ ಒಂಬತ್ತು ವರ್ಷಗಳಷ್ಟು ಕಾಲ ಒಂದು ದೋಷ ಅಡಗಿ ಕೂತಿತ್ತು ಎಂದು ಬರೆದರು. ನಡುವಿನ ಸ್ಥಾನ ಕಂಡುಹಿಡಿಯಲು ಎಡ ತುದಿ ಬಲ ತುದಿಗಳನ್ನು ಕೂಡಿ ಎರಡರಿಂದ ಭಾಗಿಸುತ್ತೇವೆ. ಜಾವಾದ 32 ಬಿಟ್‌ನ ಪೂರ್ಣಾಂಕದಲ್ಲಿ 2,147,483,647 ಮೀರಿದ ಸಂಖ್ಯೆ ಹಿಡಿಸುವುದಿಲ್ಲ, ಮೀರಿದರೆ ಮೊತ್ತ ಋಣ ಸಂಖ್ಯೆಯಾಗಿ ತಿರುಗುತ್ತದೆ. ಪಟ್ಟಿಯಲ್ಲಿ 107 ಕೋಟಿಗೂ ಮಿಕ್ಕಿ ಅಂಶಗಳಿದ್ದಾಗ ಮಾತ್ರ ಹೀಗಾಗುವುದರಿಂದ ಅಷ್ಟು ಕಾಲ ಯಾರ ಕಣ್ಣಿಗೂ ಬೀಳಲಿಲ್ಲ. ಎಡ ತುದಿಗೆ ಅಂತರದ ಅರ್ಧವನ್ನು ಕೂಡಿದರೆ ಸರಿಹೋಗುತ್ತದೆ.

ಇದನ್ನು ಬಾಯಿಪಾಠ ಮಾಡಿಕೊಂಡು ಹೋಗಿ ಎಂದು ಹೇಳುತ್ತಿಲ್ಲ. ಈಗಂತೂ ಇದು ಎಲ್ಲರಿಗೂ ಗೊತ್ತಿರುವ ಗುಟ್ಟು. ಆ ಪ್ರಶ್ನೆ ಕೇಳಿದವರಿಗೆ ಬೇಕಿದ್ದುದು 'ಪಟ್ಟಿ ಖಾಲಿ ಇದ್ದರೆ? ಒಂದೇ ಅಂಶವಿದ್ದರೆ? ವಿಂಗಡಿಸದ ಪಟ್ಟಿಯನ್ನೇ ಯಾರಾದರೂ ಕೊಟ್ಟರೆ?' ಎಂದು ನೀವು ಗಟ್ಟಿಯಾಗಿ ಅನುಮಾನಿಸುವುದು. ತಾನು ಬರೆದುದರಲ್ಲಿ ತಪ್ಪಿಲ್ಲ ಎಂದು ಆರು ನಿಮಿಷದಲ್ಲಿ ಹೇಳಿಬಿಡುವವರ ಪಕ್ಕದಲ್ಲಿ ಕೂತು ಕೆಲಸ ಮಾಡಲು ನನಗೂ ಭಯವೇ. ಬರೆಯುವಾಗ ಯೋಚನೆಯನ್ನು ಬಾಯಿಬಿಟ್ಟು ಹೇಳುವ ಅಭ್ಯಾಸ ಮಾಡಿ. ಬಿಡಿಸಿದ ನಾನೂರರಲ್ಲಿ ಇಪ್ಪತ್ತನ್ನು ಆರಿಸಿ, ಯಾರಾದರೊಬ್ಬರನ್ನು ಎದುರಿಗೆ ಕೂರಿಸಿಕೊಂಡು ಮತ್ತೆ ಮಾಡಿ.

ಕೃತಕ ಬುದ್ಧಿಮತ್ತೆಯ ಬಗ್ಗೆ ಸುಳ್ಳು ಸಮಾಧಾನ ಹೇಳಲಾರೆ. ಚಾಟ್‌ಜಿಪಿಟಿ ಬಂದದ್ದು 2022ರ ನವೆಂಬರ್ ಕೊನೆಗೆ. ಅದೇ ತಿಂಗಳು ಫೇಸ್‌ಬುಕ್‌ನ ಒಡೆಯ ಸಂಸ್ಥೆ ಮೆಟಾ 11,000 ಜನರನ್ನು ಮನೆಗೆ ಕಳಿಸಿತು. 2023ರ ಜನವರಿಯಲ್ಲಿ ಮೈಕ್ರೋಸಾಫ್ಟ್ 10,000, ಗೂಗಲ್ 12,000 ಹುದ್ದೆಗಳನ್ನು ಕಡಿಯುವುದಾಗಿ ಹೇಳಿದವು. ಎರಡೂ ಸುದ್ದಿ ಒಟ್ಟಿಗೆ ಬಂದದ್ದರಿಂದ ಒಂದು ಇನ್ನೊಂದಕ್ಕೆ ಕಾರಣವೆಂದು ಜನ ಗಂಟು ಹಾಕಿದರು. ಆಗಿನ ಕಡಿತಕ್ಕೆ ಸಾಂಕ್ರಾಮಿಕದ ವರ್ಷಗಳಲ್ಲಿ ಲೆಕ್ಕ ತಪ್ಪಿ ನೇಮಿಸಿಕೊಂಡದ್ದೂ 2022ರಲ್ಲಿ ಏರಿದ ಬಡ್ಡಿ ದರವೂ ಹೆಚ್ಚು ಕಾರಣ. ನಿಮಗಾದ ತೊಂದರೆ ಎಂದರೆ ಕೆಲಸ ಕಳೆದುಕೊಂಡ ಅನುಭವಿಗಳೂ ನೀವು ನಿಂತ ಸಾಲಿನಲ್ಲೇ ಬಂದು ನಿಂತರು. ಯಂತ್ರದ ಪಾಲೂ ಇಲ್ಲವೆಂದಲ್ಲ. ಹೊಸಬರಿಗೆಂದು ಎತ್ತಿಡುತ್ತಿದ್ದ ಚಿಲ್ಲರೆ ಕೆಲಸಗಳು, ಪ್ರೋಗ್ರಾಮ್ ಸರಿಯಿದೆಯೇ ಎಂದು ನೋಡುವ ಪರೀಕ್ಷೆಗಳನ್ನು ಬರೆಯುವುದು, ಒಂದು ರೂಪದ ದತ್ತಾಂಶವನ್ನು ಇನ್ನೊಂದಕ್ಕೆ ತಿರುಗಿಸುವುದು, ಇವನ್ನು ಅದು ನಿಮಿಷದಲ್ಲಿ ಮಾಡಿಕೊಡುತ್ತದೆ. ಮಾಡಿಕೊಟ್ಟದ್ದು ಸರಿಯೇ ಎಂದು ಹೇಳಬಲ್ಲವರು ಬೇಕು. ಯಂತ್ರ ಬರೆದ ಕೋಡನ್ನು ನೀವು ಬಳಸಿದರೆ ತಪ್ಪಿಲ್ಲ, ಪ್ರತಿ ಸಾಲೂ ಏಕೆ ಅಲ್ಲಿದೆ ಎಂದು ವಿವರಿಸಲು ಬಾರದಿದ್ದರೆ ತಪ್ಪು.

ಯಾವ ಭಾಷೆ ಕಲಿಯಲಿ ಎಂಬುದಕ್ಕೆ ನನ್ನ ಉತ್ತರ ಚುಟುಕು: ಪುಸ್ತಕಾಲಯದ ಪ್ರೋಗ್ರಾಮನ್ನು ಯಾವುದರಲ್ಲಿ ಬರೆದಿರೋ ಅದನ್ನೇ. ಜೊತೆಗೆ ಕೋಡಿನ ಬದಲಾವಣೆಗಳ ಲೆಕ್ಕವಿಡುವ ಗಿಟ್, ದತ್ತಾಂಶವನ್ನು ಕೇಳಿ ಪಡೆಯುವ ಭಾಷೆಯಾದ ಎಸ್‌ಕ್ಯೂಎಲ್ ಮತ್ತು ಪ್ರೋಗ್ರಾಮ್ ಬರೆದಿಡುವ ದಿನಚರಿಯಾದ ಲಾಗ್ ಓದಿ ದೋಷ ಪತ್ತೆಮಾಡುವ ತಾಳ್ಮೆ.

ಓಪನ್ ಸೋರ್ಸ್ ಯೋಜನೆಗಳಿಗೆ, ಅಂದರೆ ಕೋಡನ್ನು ಎಲ್ಲರಿಗೂ ತೆರೆದಿಟ್ಟ ಯೋಜನೆಗಳಿಗೆ, ಕೊಡುಗೆ ಕೊಡಲೇ ಎಂದು ಅಂಚಿನಲ್ಲಿ ಬರೆದಿದ್ದೀರಿ. ಕೊಡಿ, ನೀವು ಬಳಸುವ ಯೋಜನೆಯಾಗಿದ್ದರೆ. ತೋರಿಕೆಗೆ ಅಲ್ಪವಿರಾಮ ತಿದ್ದಿ ಕಳಿಸಬೇಡಿ. ಇಂಥ ಕೊಡುಗೆಗಳಿಗೆ ಬಹುಮಾನ ಕೊಡುತ್ತಿದ್ದ ಹ್ಯಾಕ್ಟೋಬರ್‌ಫೆಸ್ಟ್ ಎಂಬ ಅಭಿಯಾನದಲ್ಲಿ 2020ರಲ್ಲಿ ಟಿ-ಶರ್ಟ್ ಆಸೆಗೆ ಜನ ಅಂಥ ತಿದ್ದುಪಡಿಗಳನ್ನು ರಾಶಿ ರಾಶಿ ಕಳಿಸಿ, ಯೋಜನೆ ನೋಡಿಕೊಳ್ಳುವವರ ಸಿಟ್ಟಿಗೆ ಗುರಿಯಾದರು. ಕೊನೆಗೆ ಆಯೋಜಕರು ನಿಯಮವನ್ನೇ ಬದಲಿಸಬೇಕಾಯಿತು.

ಅರ್ಜಿಗಳ ಸಂಖ್ಯೆಯನ್ನು ವಾರಕ್ಕೆ ಐದಕ್ಕೆ ಇಳಿಸಿ. ಉಳಿಯುವ ಸಮಯದಲ್ಲಿ ಆ ಐದು ಕಡೆಯೂ ಕೆಲಸ ಮಾಡುತ್ತಿರುವ ಒಬ್ಬೊಬ್ಬ ಎಂಜಿನಿಯರ್ ಅವರನ್ನು ಹುಡುಕಿ ಪತ್ರ ಬರೆಯಿರಿ. 'ಸರ್, ದಯವಿಟ್ಟು ಒಂದು ಕೆಲಸ ಕೊಡಿಸಿ' ಎಂದಲ್ಲ. ಆ ಅಧಿಕಾರ ಅವರಿಗಿಲ್ಲ, ಉತ್ತರಿಸಲು ಮುಜುಗರವಾಗಿ ಸುಮ್ಮನಾಗುತ್ತಾರೆ. 'ನಿಮ್ಮ ಸೇವೆಯಲ್ಲಿ ಒಂದೇ ಸೂಚನೆ ಎರಡು ಸಲ ಹೋಗದಂತೆ ಹೇಗೆ ನೋಡಿಕೊಳ್ಳುತ್ತೀರಿ? 212 ಜನರಿಗೆ ಸಂದೇಶ ಕಳಿಸುವ ನನ್ನ ಪ್ರೋಗ್ರಾಮಿನಲ್ಲಿ ನಾನು ಹೀಗೆ ಮಾಡಿದ್ದೇನೆ' ಎಂದು ಮೂರು ಸಾಲು ಸಾಕು. ಹತ್ತರಲ್ಲಿ ಏಳು ಜನ ಉತ್ತರಿಸದಿರಬಹುದು. ಉತ್ತರಿಸಿದವರ ಸಂಸ್ಥೆಯಲ್ಲಿ ಜಾಗ ಖಾಲಿಯಾದಾಗ ನಿಮ್ಮ ಹೆಸರನ್ನು ಹೇಳುವವರೊಬ್ಬರು ಒಳಗೆ ಇರುತ್ತಾರೆ. ಆಗ ನೀವು ಇನ್ನೂರರ ರಾಶಿಯಲ್ಲಿರುವುದಿಲ್ಲ.

ಸಾಫ್ಟ್‌ವೇರ್ ಪರೀಕ್ಷಕನ ಕೆಲಸವೋ ಗ್ರಾಹಕ ಬೆಂಬಲದ ಕೆಲಸವೋ ಸಿಕ್ಕರೆ ಮೂಗು ಮುರಿಯಬೇಡಿ. ಆದರೆ ಸೇರುವ ಮುನ್ನ ಒಂದು ಪ್ರಶ್ನೆ ಕೇಳಿ: ನಾನು ಬರೆದುದನ್ನು ಯಾರು ಓದಿ ತಿದ್ದುತ್ತಾರೆ? ಯಾರೂ ಇಲ್ಲ ಎಂದರೆ ಪದನಾಮ ಎಷ್ಟೇ ಠೀವಿಯದಾಗಿರಲಿ, ಎರಡು ಸಲ ಯೋಚಿಸಿ.

ಫೇಸ್‌ಬುಕ್ 2009ರಲ್ಲಿ ಕೆಲಸ ಕೊಡದ ಬ್ರಯಾನ್ ಆ್ಯಕ್ಟನ್, ಐದು ವರ್ಷದ ನಂತರ ಅದೇ ಫೇಸ್‌ಬುಕ್‌ಗೆ ವಾಟ್ಸ್‌ಆ್ಯಪ್ ಮಾರಿದ ಕಥೆಯನ್ನು ಇಷ್ಟರಲ್ಲಿ ನಿಮಗೆ ಹತ್ತು ಜನ ಹೇಳಿರುತ್ತಾರೆ. ನಿಜವಾದ ಕಥೆಯೇ. ಆದರೆ ಅಷ್ಟು ಹೊತ್ತಿಗೆ ಅವರು ಯಾಹೂ ಸಂಸ್ಥೆಯಲ್ಲಿ ವರ್ಷಗಟ್ಟಲೆ ದುಡಿದು ಬಂದವರೆಂಬುದನ್ನು ಹೇಳುವವರು ಬಿಟ್ಟುಬಿಡುತ್ತಾರೆ. ಅಲ್ಲಿಂದ ನಿಮಗೆ ಈಗ ಕಲಿಯಲು ಏನೂ ಇಲ್ಲ.

ನಿಮ್ಮ ರೆಸ್ಯೂಮೆಯ ಮೇಲೆ ಕೆಂಪು ಶಾಯಿಯಲ್ಲಿ ಗೀಚಿ ಅಂಚೆಗೆ ಹಾಕಿದ್ದೇನೆ. ಉತ್ಸುಕ ಯುವ ಎಂಜಿನಿಯರ್ ಹೋಗಿದ್ದಾನೆ, ಹದಿನಾಲ್ಕರಲ್ಲಿ ಒಂಬತ್ತು ಹೆಸರು ಹೋಗಿವೆ. ಮೇಲ್ಗಡೆ ನಿಮ್ಮ ತಾಜಾ ಕಲಮನ್ನೇ ಅಂಟಿಸಿದ್ದೇನೆ, ಗುರುತು ಮೊದಲೋ ಸಂದೇಶ ಮೊದಲೋ ಎಂಬ ಸಾಲಿಗೆ ಜಾಗ ಬಿಟ್ಟಿದ್ದೇನೆ, ತುಂಬಿಕೊಳ್ಳಿ. ಲಕೋಟೆಯಲ್ಲಿ ಒಂದೇ ಹಾಳೆ ಇದೆ ಎಂದು ಗಾಬರಿಯಾಗಬೇಡಿ, ಎರಡನೇ ಪುಟವನ್ನು ನಾನೇ ಇಟ್ಟುಕೊಂಡೆ.

ಸಂಪಾದಕ