ಅಮೆರಿಕದಲ್ಲಿ ಮೋಡ ಬಿತ್ತಿ ಹಿಮ ಹೆಚ್ಚಿಸುತ್ತಾರಂತೆ. ಅದನ್ನೇ ಶಿರಸಿ ಘಟ್ಟದಲ್ಲಿ ಮಾಡಿ ಏಪ್ರಿಲ್‌ನ ನೀರಿನ ಬರ ನೀಗಿಸಬಹುದೇ?

ಆಗದು. ಅಡ್ಡಿ ದುಡ್ಡಲ್ಲ, ಮೋಡದ ಜಾತಿ.

ಅಮೆರಿಕದ ಐಡಾಹೋ ರಾಜ್ಯದಂಥ ಕಡೆ ಚಳಿಗಾಲದ ಗಾಳಿ ಪರ್ವತ ಏರುವಾಗ ಕಟ್ಟುವ ಮೋಡದಲ್ಲಿ, ಸೊನ್ನೆ ಡಿಗ್ರಿಗಿಂತ ಕೆಳಗಿಳಿದರೂ ಹೆಪ್ಪುಗಟ್ಟದ ಹನಿಗಳಿರುತ್ತವೆ. ಹೆಪ್ಪುಗಟ್ಟಲು ಅವಕ್ಕೊಂದು ಕಣ ಬೇಕು. ಸಿಲ್ವರ್ ಅಯೋಡೈಡ್ ಎಂಬ ರಾಸಾಯನಿಕದ ಹರಳಿನ ರಚನೆ ಮಂಜುಗಡ್ಡೆಯದನ್ನೇ ಹೋಲುವುದರಿಂದ ಆ ಕೆಲಸಕ್ಕೆ ಒದಗುತ್ತದೆ, ಆದರೆ ಮೋಡ ಸುಮಾರು ಮೈನಸ್ 5 ಡಿಗ್ರಿಗಿಂತ ತಣ್ಣಗಿದ್ದರೆ ಮಾತ್ರ.

ನೆಲದ ಮೇಲಿನ ಯಂತ್ರದಲ್ಲಿ ಅದನ್ನು ಅಸಿಟೋನ್ ದ್ರಾವಣವಾಗಿಸಿ ಪ್ರೊಪೇನ್ ಉರಿಗೆ ಸಿಂಪಡಿಸುತ್ತಾರೆ. ಗಂಟೆಗೆ 20–25 ಗ್ರಾಂ ಆಸುಪಾಸು, ಅಷ್ಟೇ. ಕಷ್ಟವಿರುವುದು ಯಂತ್ರ ಎಲ್ಲಿಡಬೇಕು ಎಂಬಲ್ಲಿ. ಹರಳು ಬೆಳೆದು ನೆಲ ಮುಟ್ಟಲು ಅರ್ಧ ಗಂಟೆ, ಗಾಳಿ ಸೆಕೆಂಡಿಗೆ 12 ಮೀಟರ್ ಅಂದುಕೊಳ್ಳಿ: ಹಿಮ ಬೀಳುವುದು ಸುಮಾರು 22 ಕಿ.ಮೀ. ಆಚೆ. ಗುಡ್ಡಕ್ಕೆ ತೀರಾ ಹತ್ತಿರ ಇಟ್ಟರೆ ಹಿಮ ಆಚೆ ಕಣಿವೆಯ ಪಾಲು. ಕಣಿವೆಯ ತಳದಲ್ಲಿಟ್ಟರೆ ಬೇರೆ ಪೇಚು. ತಣ್ಣನೆ ಗಾಳಿ ಕೆಳಗೆ ಕೂತು, ಅದರ ಮೇಲೆ ಬೆಚ್ಚನೆಯದು ಮುಚ್ಚಳದಂತೆ ನಿಂತರೆ ಹೊಗೆ ಮೋಡ ಮುಟ್ಟುವುದೇ ಇಲ್ಲ. ಆಗ ವಿಮಾನದ ರೆಕ್ಕೆಗೆ ಕಟ್ಟಿದ ಫ್ಲೇರ್ (ರಾಸಾಯನಿಕ ತುಂಬಿದ ಉರಿಬತ್ತಿ) ಸುಡಬೇಕು. ಬಿತ್ತನೆಗೆ ಬೇಕಾದ ಅದೇ ಹನಿಗಳು ರೆಕ್ಕೆಗೆ ಬಡಿದು ಮಂಜುಗಟ್ಟುವುದು ಪೈಲಟ್‌ನ ತಲೆನೋವು.

ಐಡಾಹೋದಲ್ಲಿ 2017ರಲ್ಲಿ ನಡೆದ ‘ಸ್ನೋವಿ’ ಎಂಬ ಮೋಡ ಬಿತ್ತನೆ ಪ್ರಯೋಗದಲ್ಲಿ ವಿಮಾನ ಬಿತ್ತುತ್ತ ಹೋದ ದಾರಿಯೇ ಅಂಕುಡೊಂಕು ಹಿಮದ ಗೆರೆಯಾಗಿ ರಾಡಾರಿನಲ್ಲಿ ಕಂಡಿತು. ಲೆಕ್ಕ ಹಾಕಿದ ಮೂರು ಬಿತ್ತನೆಗಳಲ್ಲಿ ಬಿದ್ದ ಹಿಮದ ನೀರು ಒಂದೊಂದರಲ್ಲಿ 1.2ರಿಂದ 3.4 ಲಕ್ಷ ಘನ ಮೀಟರ್.

ಈಗ ನಮ್ಮ ಘಟ್ಟ. ಮಳೆಗಾಲದಲ್ಲಿ ಸೊನ್ನೆ ಡಿಗ್ರಿ ಸಿಗುವುದೇ ಸುಮಾರು 5 ಕಿ.ಮೀ. ಎತ್ತರದಲ್ಲಿ, ಶಿರಸಿ ಇರುವುದು 600 ಮೀಟರ್ ಆಸುಪಾಸು. ದೇವಿಮನೆ ಘಟ್ಟಕ್ಕೆ ತಾಗಿ ಸುರಿಯುವ ಮೋಡದಲ್ಲಿ ಬಹುಪಾಲು ಹನಿಗೆ ಹನಿ ಸೇರಿಯೇ ಮಳೆ. ಅಲ್ಲಿ ಸಿಲ್ವರ್ ಅಯೋಡೈಡ್ ಸುಟ್ಟರೆ ಉಳಿಯುವುದು ಹೊಗೆ. ಇಂಥ ಬೆಚ್ಚನೆ ಮೋಡಕ್ಕೆ ತೇವ ಹೀರುವ ಕ್ಯಾಲ್ಸಿಯಂ ಕ್ಲೋರೈಡ್ ಫ್ಲೇರನ್ನು ಮೋಡದ ತಳದಲ್ಲಿ, ಗಾಳಿ ಮೇಲೇಳುವ ಜಾಗ ಹುಡುಕಿ ಸುಡಬೇಕು. ಆದರೆ ಕಾರವಾರ, ಕುಮಟಾ ಕಡೆಯಿಂದ ಏರಿ ಬರುವ ಗಾಳಿಯಲ್ಲಿ ಕಡಲ ಉಪ್ಪು ಮೊದಲೇ ಇದೆ. ನಾವು ಹಾಕುವುದರಿಂದ ಹೆಚ್ಚೇನೂ ಬದಲಾಗದು.

ಏಪ್ರಿಲ್‌ನ ಗುಡುಗು ಮೋಡದ ನೆತ್ತಿ ಮೈನಸ್‌ನಲ್ಲಿರುತ್ತದೆ, ನಿಜ. ಒಂದೊಂದು ಮೋಡದ ಆಯುಷ್ಯ ಗಂಟೆಯೊಳಗೆ. ಹುಬ್ಬಳ್ಳಿಯಿಂದ ವಿಮಾನ ಎದ್ದು ಬರುವಷ್ಟರಲ್ಲಿ ಅದು ಮುಗಿದಿರುತ್ತದೆ.

ಘಟ್ಟದ ಒಳಗೆ, ಮಳೆ ಕಡಿಮೆಯಿರುವ ಮುಂಡಗೋಡ, ಹಳಿಯಾಳದ ಬದಿಯಾದರೆ ಜೂನ್–ಸೆಪ್ಟೆಂಬರ್‌ನಲ್ಲಿ ಮಳೆ ಕೈಕೊಟ್ಟಾಗ ಯೋಚಿಸಬಹುದು. ಆಗಲೂ ಏಪ್ರಿಲ್‌ಗೆ ನೀರು ಬೇಕಿದ್ದರೆ ಕೆರೆ ಹೂಳೆತ್ತಲೇಬೇಕು: ಅಮೆರಿಕದ ಹಿಮ ಗುಡ್ಡದ ಮೇಲೇ ಉಳಿದು ಬೇಸಿಗೆ ಹೊತ್ತಿಗೆ ಕರಗಿ ಹೊಳೆಗಿಳಿಯುತ್ತದೆ, ಇಲ್ಲಿನ ಮಳೆಗೆ ಅಂಥ ತಂಗುವ ಜಾಗವಿಲ್ಲ.