ಪ್ರತಿಕ್ರಿಯೆ: ಅತ್ತೆಯನ್ನು ನೋಡಿಕೊಳ್ಳಲು ಕೆಲಸ ಬಿಡಬೇಕಾ?

ನಿಮ್ಮ ಸಂಬಳ 28,000, ಅತ್ತೆಗೆ ಸ್ಟ್ರೋಕ್ ಆದಮೇಲೆ ಹೋಂ ನರ್ಸ್‌ಗೆ ಏಜೆನ್ಸಿ ಕೇಳುತ್ತಿರುವುದು 24,000. ನಾಲ್ಕು ಸಾವಿರಕ್ಕೆ ಯಾಕೆ ದುಡಿಯಬೇಕು ಅಂತ ಮನೆಯವರು ಕೇಳುತ್ತಿದ್ದಾರೆ. ಲೆಕ್ಕ ತಪ್ಪಿರುವುದು ಇಲ್ಲೇ: ನರ್ಸ್ ದುಡ್ಡು ಇಡೀ ಮನೆಯ ಖರ್ಚು, ಅದನ್ನು ನಿಮ್ಮ ಸಂಬಳದಿಂದ ಮಾತ್ರ ಕಳೆದಿದ್ದಾರೆ.

ಮೊದಲು ಪೇ ಸ್ಲಿಪ್ ನೋಡಿ. ಪಿಎಫ್‌ಗೆ ಕಂಪನಿ ಹಾಕುವ ಶೇ 12 ಕೂಡ ನಿಮ್ಮದೇ, ಅಲ್ವಾ? ಕೆಲಸ ಬಿಡುವಾಗ ಕಂಪನಿ ಕೊಡುವ ಇಡುಗಂಟಿಗೆ, ಅಂದರೆ ಗ್ರಾಚ್ಯುಟಿಗೆ, ಸಾಮಾನ್ಯವಾಗಿ ಐದು ವರ್ಷ ತುಂಬಬೇಕು. ನಿಮಗೆ ನಾಲ್ಕಾಗಿದೆ, ಈಗ ಬಿಟ್ಟರೆ ಅದೂ ಹೋಯಿತು.

ಆಮೇಲೆ ಅತ್ತೆಗೆ ಏನೇನು ಬೇಕು ಅಂತ ಬರೆದಿಡಿ. ಮೂಗಿನ ನಳಿಕೆ, ಕ್ಯಾತಿಟರ್ (ಮೂತ್ರದ ನಳಿಕೆ), ಬೆನ್ನಿನ ಹುಣ್ಣಿಗೆ ಡ್ರೆಸ್ಸಿಂಗ್ ಇದ್ದರೆ ನರ್ಸ್ ಬೇಕು. ಊಟ ಮಾಡಿಸಲು, ಡೈಪರ್ ಬದಲಿಸಲು, ಎರಡು ಗಂಟೆಗೊಮ್ಮೆ ಮಗ್ಗುಲು ತಿರುಗಿಸಲು ಹಗಲು 12 ಗಂಟೆಯ ಅಟೆಂಡರ್ ಸಾಕಾಗಬಹುದು. ದರ ಊರಿಂದ ಊರಿಗೆ ಬೇರೆ, ಆದರೆ ಸಾಮಾನ್ಯವಾಗಿ ನರ್ಸ್‌ಗಿಂತ ಕಡಿಮೆಯೇ ಇರುತ್ತದೆ. ಅಟೆಂಡರ್ ರಜೆ ಹಾಕಿದರೆ ಬದಲಿ ಕಳಿಸುತ್ತಾರಾ, ನೋಂದಣಿ ಶುಲ್ಕ ವಾಪಸ್ ಬರುತ್ತದಾ ಅಂತ ಏಜೆನ್ಸಿಯಿಂದ ಬರವಣಿಗೆಯಲ್ಲೇ ಪಡೆಯಿರಿ.

ರಾತ್ರಿ ಎದ್ದು ಮಗ್ಗುಲು ತಿರುಗಿಸುವುದು ನಿಮ್ಮೊಬ್ಬರ ಮೇಲೆ ಬೀಳಬಾರದು. ಗಂಡನೂ ಪಾಳಿ ತೆಗೆದುಕೊಳ್ಳಲಿ, ದೂರದಲ್ಲಿರುವ ನಾದಿನಿ ದುಡ್ಡು ಕೊಡಲಿ. ಹಿರಿಯ ನಾಗರಿಕರ ಪೋಷಣೆಯ 2007ರ ಕಾಯ್ದೆಯಲ್ಲಿ ಮಕ್ಕಳು ಅಂದರೆ ಮಗ, ಮಗಳು, ಮೊಮ್ಮಕ್ಕಳು. ಸೊಸೆಯ ಹೆಸರು ಅದರಲ್ಲಿಲ್ಲ. ಇದನ್ನು ಮನೆಯಲ್ಲಿ ಧೈರ್ಯವಾಗಿ ಹೇಳಿ.

ಅತ್ತೆ ಎಷ್ಟು ಚೇತರಿಸಿಕೊಳ್ಳುತ್ತಾರೆ ಅಂತ ಈಗಲೇ ಹೇಳಲಾಗುವುದಿಲ್ಲ. ಸಾಮಾನ್ಯವಾಗಿ ಮೊದಲ ಮೂರು ತಿಂಗಳಲ್ಲೇ ಜಾಸ್ತಿ ಸುಧಾರಣೆ ಕಾಣುತ್ತದೆ. ಅಲ್ಲಿಯವರೆಗೆ ರಾಜೀನಾಮೆ ಬೇಡ. ತೀರಾ ಕಷ್ಟವಾದರೆ ಸಂಬಳವಿಲ್ಲದ ರಜೆಗೆ ಅರ್ಜಿ ಕೊಡಿ.